ಫೈಕಸ್ ಬೋನ್ಸಾಯ್‌ನ ಕಾಂಡದ ಮೇಲೆ ಕೊಂಬೆ ಕತ್ತರಿಸಿದ ಗಾಯ ಮುಚ್ಚುತ್ತಿಲ್ಲ, ಒಳಗೆ ಕೊಳೆಯುತ್ತಿದೆ: ಸಲಹೆ ಬೇಕು

ಮಹಡಿಯ ಮರ, ಮೈಸೂರು — ಮಾರ್ಚ್ 4

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷಗಳಿಂದ ನಮ್ಮ ಮನೆಯ ಮಹಡಿಯ ಮೇಲೆ ಬೆಳೆಯುತ್ತಿರುವ ಫೈಕಸ್ ಮೈಕ್ರೊಕಾರ್ಪಾ (ಆಲದ ಜಾತಿಯ ಗಿಡ) ಬೋನ್ಸಾಯ್ ಒಂದರ ವಿಷಯದಲ್ಲಿ ತಿಳಿದವರ ಸಲಹೆ ಬೇಕಾಗಿದೆ. ಬುಡ ಸುಮಾರು 11 ಸೆಂ.ಮೀ. ದಪ್ಪವಿದೆ. ಬುಡದಿಂದ ಒಂದು ಗೇಣು ಮೇಲೆ, ನೋಡುವವರ ಕಡೆಗೇ ನೇರವಾಗಿ ಚಾಚಿಕೊಂಡಿದ್ದ 4 ಸೆಂ.ಮೀ. ದಪ್ಪದ ಕೊಂಬೆಯನ್ನು ಹದಿನಾರು ತಿಂಗಳ ಹಿಂದೆ, ದೀಪಾವಳಿಯ ರಜೆಯಲ್ಲಿ, ಗರಗಸದಿಂದ ಕಾಂಡದ ಮಟ್ಟಕ್ಕೆ ಸಪಾಟಾಗಿ ಕೊಯ್ದು ತೆಗೆದೆ. ಹಾಲು ಸುರಿಯುವುದು ನಿಂತ ಮೇಲೆ, ನರ್ಸರಿಯೊಂದರಲ್ಲಿ ಹೇಳಿದ ಮಾತನ್ನು ನಂಬಿ, ಗೇಟಿಗೆ ಬಳಿದು ಉಳಿದಿದ್ದ ಎನಾಮೆಲ್ ಬಣ್ಣವನ್ನು ಗಾಯಕ್ಕೆ ಎರಡು ಸಲ ಬಳಿದೆ.

ಮೊದಲ ಮಳೆಗಾಲದವರೆಗೆ ಎಲ್ಲವೂ ಸರಿಯಾಗಿಯೇ ಇದ್ದಂತೆ ಕಾಣುತ್ತಿತ್ತು. ಈಗ ಬಣ್ಣ ಬಿರುಕು ಬಿಟ್ಟಿದೆ, ಬಿರುಕಿನೊಳಗೆ ಇರುವೆಗಳು ಓಡಾಡುತ್ತಿವೆ, ಬೆಂಕಿಕಡ್ಡಿಯ ಹಿಂತುದಿಯನ್ನು ಒತ್ತಿದರೆ ಅದು ಅರ್ಧದವರೆಗೆ ಸಲೀಸಾಗಿ ಒಳಗೆ ಹೋಗುತ್ತದೆ. ಗಾಯದ ಕೆಳಗೆ ಬೆರಳುದ್ದದ ತೊಗಟೆ ಒಣಗಿ ಟೊಳ್ಳು ಸದ್ದು ಮಾಡುತ್ತಿದೆ. ಕೆರೆದು ಸಿಮೆಂಟ್ ತುಂಬಿಬಿಡಿ ಎಂದು ಒಬ್ಬರು, ಎಪಾಕ್ಸಿ ತುಂಬಿ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಯಾವುದನ್ನೂ ಮಾಡಲು ಕೈ ಬರುತ್ತಿಲ್ಲ.

ಕುಂಡದೊಳಗಿನ ಕಾಡು, ಬೆಂಗಳೂರು — ಮಾರ್ಚ್ 4

ಕೈ ಬರದಿದ್ದುದೇ ಒಳ್ಳೆಯದಾಯಿತು. ಸಿಮೆಂಟನ್ನಾಗಲಿ ಎಪಾಕ್ಸಿಯನ್ನಾಗಲಿ ಈಗ ತುಂಬಬೇಡಿ. ಕೊಳೆತ ಭಾಗ ಒಳಗೇ ಉಳಿದು ಬಾಗಿಲು ಮಾತ್ರ ಮುಚ್ಚಿದಂತಾಗುತ್ತದೆ, ಸಿಮೆಂಟಿನ ಅಂಚಿನಲ್ಲಿ ಇಳಿದ ನೀರು ಆರುವುದಕ್ಕೆ ದಾರಿಯೂ ಇರುವುದಿಲ್ಲ. ಸಲಹೆ ಹೇಳುವ ಮೊದಲು ಮೂರು ಪ್ರಶ್ನೆಗಳಿವೆ. ಕೊಂಬೆ ತೆಗೆದ ಆಸುಪಾಸಿನಲ್ಲಿ ಕುಂಡ ಬದಲಿಸಿ ಬೇರು ಕತ್ತರಿಸಿದ್ದಿರಾ? ಗಾಯದ ನೇರಕ್ಕೆ ಮೇಲುಗಡೆ ಎಲೆ ತುಂಬಿದ ಕೊಂಬೆ ಏನಾದರೂ ಇದೆಯೇ? ಗಾಯದ ಸುತ್ತ ತೊಗಟೆಯ ಅಂಚು ಎಲ್ಲಿಯಾದರೂ ತುಟಿಯಂತೆ ಉಬ್ಬಿ ಒಳಕ್ಕೆ ಉರುಳಿದೆಯೇ?

ಮಹಡಿಯ ಮರ, ಮೈಸೂರು — ಮಾರ್ಚ್ 5

ತಮ್ಮ ಮೊದಲ ಪ್ರಶ್ನೆಗೆ ಉತ್ತರ ಬರೆಯಲು ಸಂಕೋಚವಾಗುತ್ತಿದೆ. ಅದೇ ವಾರದಲ್ಲಿ ಕುಂಡವನ್ನೂ ಬದಲಿಸಿದೆ, ಮೂರರಲ್ಲಿ ಒಂದು ಭಾಗದಷ್ಟು ಬೇರನ್ನೂ ತೆಗೆದೆ, ಆಕಾರ ಸರಿಯಾಗಿ ಕಾಣಲೆಂದು ಮೇಲಿನ ಕೊಂಬೆಗಳನ್ನೂ ಒಪ್ಪವಾಗಿ ಸವರಿದೆ. ಗಾಯದ ನೇರ ಮೇಲೆ ಕಿರುಬೆರಳು ದಪ್ಪದ ಒಂದು ಕೊಂಬೆ ಇದೆ, ಆದರೆ ಅದನ್ನು ಪ್ರತಿ ತಿಂಗಳೂ ಚಿವುಟುತ್ತಿದ್ದೇನೆ. ತುಟಿಯಂತಹ ಉಬ್ಬು ಎಡ ಮತ್ತು ಬಲ ಬದಿಗಳಲ್ಲಿ ಅಕ್ಕಿಕಾಳಿನಷ್ಟು ದಪ್ಪಕ್ಕೆ ಬಂದು ಅಲ್ಲಿಗೇ ನಿಂತಿದೆ. ಮೇಲೆ ಮತ್ತು ಕೆಳಗೆ ಏನೂ ಇಲ್ಲ.

ಸಸ್ಯಶಾಸ್ತ್ರದ ಮೇಷ್ಟ್ರು, ಧಾರವಾಡ — ಮಾರ್ಚ್ 6

ಈ ಎಡ-ಬಲದ ಉಬ್ಬಿನಲ್ಲಿಯೇ ಇಡೀ ವಿಷಯ ಅಡಗಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ನಮ್ಮ ಮೈಮೇಲಿನ ಗಾಯ ಮಾಯುತ್ತದೆ, ಏಕೆಂದರೆ ಹಾಳಾದ ಜೀವಕೋಶಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆ. ಮರದ ಗಾಯ ಆ ಅರ್ಥದಲ್ಲಿ ಎಂದಿಗೂ ಮಾಯುವುದಿಲ್ಲ. ಕತ್ತರಿಸಿದ ಕಟ್ಟಿಗೆ ಹಾಗೆಯೇ ಒಳಗೆ ಉಳಿಯುತ್ತದೆ, ಮರ ಅದರ ಸುತ್ತ ಗೋಡೆ ಕಟ್ಟಿಕೊಂಡು ಹೊರಗಿನಿಂದ ಹೊಸ ಕಟ್ಟಿಗೆಯನ್ನು ಹೊದಿಸುತ್ತದೆ, ಅಷ್ಟೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ ಅವರು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, 1977ರಲ್ಲಿ ಈ ವ್ಯವಸ್ಥೆಯನ್ನು ನಾಲ್ಕು ಗೋಡೆಗಳಾಗಿ ವಿವರಿಸಿದರು. ನೀರು ಸಾಗುವ ನಾಳಗಳನ್ನು ಮೇಲೆ ಕೆಳಗೆ ಬಿರಡೆಯಂತೆ ಮುಚ್ಚುವುದು ಒಂದನೆಯ ಗೋಡೆ, ಮತ್ತು ಅದೇ ಎಲ್ಲಕ್ಕಿಂತ ದುರ್ಬಲವಾದದ್ದು. ಎರಡನೆಯದು ಕೊಳೆತವು ತಿರುಳಿನ ಕಡೆಗೆ ಹೋಗದಂತೆ, ಮೂರನೆಯದು ಅಕ್ಕಪಕ್ಕ ಹರಡದಂತೆ ತಡೆಯುತ್ತವೆ. ಗಾಯವಾದ ಮೇಲೆ ತೊಗಟೆಯಡಿಯ ಕ್ಯಾಂಬಿಯಮ್ ಪದರವು ಹೊಸದಾಗಿ ಕಟ್ಟುವುದು ನಾಲ್ಕನೆಯ ಗೋಡೆ, ಅದು ಎಲ್ಲಕ್ಕಿಂತ ಗಟ್ಟಿ. ನಿಮ್ಮ ಗಿಡದಲ್ಲಿ ಕೊಳೆತವು ಕೆಳಮುಖವಾಗಿ ಬೆರಳುದ್ದ ಇಳಿದಿದ್ದೂ ಪಕ್ಕಕ್ಕೆ ಅಷ್ಟಾಗಿ ಹರಡದಿರುವುದೂ ಏಕೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಮುಚ್ಚುವ ಕೆಲಸ. ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ಕ್ಯಾಂಬಿಯಮ್ ಎಂಬ ತೆಳು ಪದರವೇ ಆ ತುಟಿಯನ್ನು ಹುಟ್ಟಿಸುತ್ತದೆ. ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಒಳಮೈಯಲ್ಲಿ ಕೆಳಗೆ ಇಳಿಯುವಾಗ, ಬಂಡೆಯನ್ನು ಬಳಸಿ ಹರಿಯುವ ನೀರಿನಂತೆ ಗಾಯವನ್ನು ಎಡಕ್ಕೂ ಬಲಕ್ಕೂ ಬಳಸಿಕೊಂಡು ಹೋಗುತ್ತದೆ. ಅದರಿಂದಲೇ ಪಕ್ಕದ ಅಂಚುಗಳು ಬೇಗ ದಪ್ಪವಾಗುತ್ತವೆ, ದುಂಡಗಿನ ಗಾಯದ ನೆತ್ತಿ ಮತ್ತು ಬುಡಗಳು ಉಪವಾಸ ಬೀಳುತ್ತವೆ. ಎಲೆಯನ್ನೂ ಬೇರನ್ನೂ ಒಂದೇ ವಾರದಲ್ಲಿ ಕಳೆದುಕೊಂಡು, ಎದುರಿಗೆ ಚಳಿಗಾಲವನ್ನು ಇಟ್ಟುಕೊಂಡ ಗಿಡ ತುಟಿ ಕಟ್ಟುವುದಕ್ಕೆ ಆಹಾರವನ್ನು ಎಲ್ಲಿಂದ ತರಬೇಕು?

ಗಾಯಕ್ಕೆ ಬಳಿಯುವ ಲೇಪಗಳು ಕೊಳೆತವನ್ನು ತಡೆಯುವುದಿಲ್ಲವೆಂಬುದನ್ನೂ ಶೈಗೋ ಅವರೇ ವರ್ಷಗಟ್ಟಲೆ ಪರೀಕ್ಷಿಸಿ ತೋರಿಸಿದ್ದಾರೆ. ಆದ್ದರಿಂದ ಯಾವ ಲೇಪವೂ ಬೇಡವೆಂಬುದು ನನ್ನ ಅಭಿಪ್ರಾಯ.

ಅಡಿಕೆ ತೋಟದವ, ಶಿರಸಿ — ಮಾರ್ಚ್ 6

ಮೇಷ್ಟ್ರ ಕೊನೆಯ ಮಾತನ್ನು ಮಲೆನಾಡಿನವರು ಒಪ್ಪುವುದು ಕಷ್ಟ. ನಮ್ಮಲ್ಲಿ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಇಲ್ಲದಿದ್ದರೆ ಮಳೆಗಾಲದಲ್ಲಿ ಅಡಿಕೆಗೊನೆ ಕೊಳೆರೋಗಕ್ಕೆ ಹೋಗುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ನೂರು ವರ್ಷಕ್ಕೂ ಹಿಂದೆ ರೂಢಿಗೆ ತಂದ ಈ ಪದ್ಧತಿ ಇಂದಿಗೂ ನಡೆಯುತ್ತಿದೆ. ಅದನ್ನೇ ಗಟ್ಟಿಯಾಗಿ ಕಲಸಿದರೆ ಬೋರ್ಡೋ ಮುಲಾಮು: 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ಎರಡೂ ತಣ್ಣಗಾದ ಮೇಲೆ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಕೂಡಿಸಬೇಕು, ಕಬ್ಬಿಣದ ಪಾತ್ರೆ ಕೂಡದು. ಹೊಳೆಯುವ ಚಾಕುವಿನ ಅಲಗನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಮಾವು, ನಿಂಬೆ, ತೆಂಗುಗಳ ಗಾಯಕ್ಕೆ ನಾವು ಇದನ್ನು ಬಳಿಯುತ್ತೇವೆ, ಬಳಿದ ಜಾಗದಲ್ಲಿ ಶಿಲೀಂಧ್ರ ಏಳುವುದಿಲ್ಲ.

ಕುಂಡದೊಳಗಿನ ಕಾಡು, ಬೆಂಗಳೂರು — ಮಾರ್ಚ್ 7

ಇಬ್ಬರ ಮಾತೂ ಅವರವರ ಜಾಗದಲ್ಲಿ ಸರಿಯಾಗಿದೆ, ಆದರೆ ಕುಂಡದ ಮರದಲ್ಲಿ ನಾವು ಲೇಪದಿಂದ ಬಯಸುವ ಕೆಲಸವೇ ಬೇರೆ. ಕಾಡಿನ ಮರಕ್ಕೆ ಅಂಗೈ ಅಗಲದ ಗಾಯವಾದರೂ ಅದರ ಅಂಚನ್ನು ಪೋಷಿಸಲು ಲಕ್ಷಾಂತರ ಎಲೆಗಳಿರುತ್ತವೆ. ನಮ್ಮ ಮರದಲ್ಲಿ ಕೆಲವು ನೂರು ಎಲೆಗಳಿದ್ದರೆ ಹೆಚ್ಚು, ಅದು ಕೂರುವುದು ಏಪ್ರಿಲ್ ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ. ಕತ್ತರಿಸಿದ ಅಂಚಿನ ಕ್ಯಾಂಬಿಯಮ್ ಕಾಗದದಷ್ಟು ತೆಳುವಾಗಿದ್ದು, ಒಂದು ಮಧ್ಯಾಹ್ನ ಒಣಗಿದರೂ ಎರಡು ಮಿಲಿಮೀಟರು ಹಿಂದಕ್ಕೆ ಸಾಯುತ್ತದೆ. ಲೇಪ ಬೇಕಾಗಿರುವುದು ಆ ಅಂಚು ಹಸಿಯಾಗಿರಲು ಮಾತ್ರ, ಕೊಳೆತ ತಡೆಯುವ ಕೆಲಸವನ್ನು ಅದರಿಂದ ನಿರೀಕ್ಷಿಸಬಾರದು. ಆದ ಕಾರಣ ಒಣಗಿ ಹೆಕ್ಕಳಿಸುವ ಎನಾಮೆಲ್ ಬಣ್ಣ ನಿಷ್ಪ್ರಯೋಜಕ. ಜಪಾನಿನವರು ಬಳಸುವ, ಜೇಡಿಮಣ್ಣಿನಂತೆ ನಾದಿ ಅಂಟಿಸುವ ಕಟ್ ಪೇಸ್ಟ್ ಕೆಲಸ ಮಾಡುವುದು ಅದು ಮೆತ್ತಗೇ ಉಳಿಯುತ್ತದೆಂಬ ಕಾರಣಕ್ಕೆ, ತುಟಿ ಬೆಳೆದಂತೆ ಅದು ತಾನಾಗಿಯೇ ಹೊರಕ್ಕೆ ಸರಿಯುತ್ತದೆ. ಅದು ಸಿಗದಿದ್ದರೆ ಅಂಚಿಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ ಮೇಲೆ ಕಸಿ ಕಟ್ಟುವ ಟೇಪನ್ನು ಸುತ್ತಿದರೂ ಸಾಕು. ಬೋರ್ಡೋ ಮುಲಾಮನ್ನು ನಡುವಿನ ಸತ್ತ ಕಟ್ಟಿಗೆಗೆ ಬಳಿಯಬಹುದು, ಹಸಿ ಅಂಚಿಗೆ ತಗುಲಿಸಬೇಡಿ, ತೊಗಟೆಯ ಮೇಲೆ ನೀಲಿ ಕಲೆಯೂ ಉಳಿಯುತ್ತದೆ.

ಈಗ ನಿಮ್ಮ ಗಿಡಕ್ಕೆ ಬರೋಣ. ಇಂದು ಏನೂ ಮಾಡಬೇಡಿ. ಯುಗಾದಿ ಕಳೆದು, ಸೆಕೆ ಏರಿ, ಗಿಡ ಹೊಸ ಚಿಗುರು ಹೊರಡಿಸಿದಾಗ ಕೈಹಾಕಿ. ಫೈಕಸ್ ಸೆಕೆಯ ಗಿಡ, ಚಿಗುರುವ ಕಾಲದಲ್ಲಿ ಅದರ ತುಟಿ ಉರುಳುವಷ್ಟು ವೇಗವಾಗಿ ನಮ್ಮ ಕುಂಡಗಳಲ್ಲಿ ಬೇರೆ ಗಿಡಗಳದು ಉರುಳುವುದು ಅಪರೂಪ. ಅಲ್ಲಿಯವರೆಗೆ ಗಾಯದ ಮೇಲಿನ ಆ ಕಿರುಬೆರಳು ದಪ್ಪದ ಕೊಂಬೆಯನ್ನು ಚಿವುಟುವುದನ್ನು ಇಂದೇ ನಿಲ್ಲಿಸಿ. ಅದು ಮೊಳಕ್ಕೂ ಉದ್ದ ಬೆಳೆದು ಗಿಡವನ್ನು ವಿಕಾರ ಮಾಡಲಿ, ಪರವಾಗಿಲ್ಲ. ಗಾಯವನ್ನು ಮುಚ್ಚುವ ಕೂಲಿ ಅದರದು, ಕೆಲಸ ಮುಗಿದ ಮೇಲೆ ತೆಗೆದುಹಾಕಬಹುದು.

ಚಿಗುರು ಬಂದ ಮೇಲೆ ಮೊದಲು ಬಣ್ಣವನ್ನೂ ಕೊಳೆತ ಕಟ್ಟಿಗೆಯನ್ನೂ ಬಾಯಿ ಒಳಬಾಗಿರುವ ಚಿಕ್ಕ ಉಳಿಯಿಂದ ತೆಗೆಯಿರಿ. ಉಳಿಗೆ ಗಟ್ಟಿ ಕಟ್ಟಿಗೆ ಸಿಕ್ಕ ಕೂಡಲೇ ನಿಲ್ಲಿಸಬೇಕು. ಗಟ್ಟಿಯಾಗಿದ್ದು ಬಣ್ಣ ಮಾತ್ರ ಕಂದಾಗಿರುವ ಭಾಗ ಮೇಷ್ಟ್ರು ಹೇಳಿದ ಗೋಡೆಯೇ ಆಗಿರುತ್ತದೆ, ಬೆಳ್ಳಗಿನ ಕಟ್ಟಿಗೆ ಕಾಣಬೇಕೆಂಬ ಹಟದಿಂದ ಅದನ್ನು ಒಡೆದರೆ ಕೊಳೆತಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಆಮೇಲೆ ಸತ್ತ ತೊಗಟೆಯನ್ನು ಬಿಡಿಸಿ, ಹರಿತವಾದ ಹೊಸ ಬ್ಲೇಡಿನಿಂದ ಅಂಚನ್ನು ಸುತ್ತಲೂ ಒಂದು ಮಿಲಿಮೀಟರಿನಷ್ಟು ಹೊಸದಾಗಿ ಕೊಯ್ಯಿರಿ. ಆಕಾರ ದುಂಡಗಿರದೆ ಬಾದಾಮಿಯಂತೆ ಮೇಲೆ ಕೆಳಗೆ ಚೂಪಾಗಿರಬೇಕು, ಉಪವಾಸ ಬೀಳುವ ಆ ಎರಡು ಮೂಲೆಗಳು ಆಗ ಇರುವುದೇ ಇಲ್ಲ. ನಡುವಿನ ಕಟ್ಟಿಗೆ ಅಂಚಿಗಿಂತ ಸ್ವಲ್ಪ ತಗ್ಗಾಗಿ, ಬೋಗುಣಿಯ ತಳದಂತೆ ಇರಲಿ. ಕಾನ್‌ಕೇವ್ ಕಟ್ಟರ್ ಎಂಬ ಬೋನ್ಸಾಯ್ ಕತ್ತರಿಯ ಬಾಯಿ ಒಳಬಾಗಿರುವುದು ಇದಕ್ಕಾಗಿಯೇ, ಏಕೆಂದರೆ ಸಪಾಟಾಗಿ ಕೊಯ್ದ ಜಾಗದ ಮೇಲೆ ತುಟಿ ಉರುಳಿದಾಗ ಅದು ಕಾಂಡದ ಮೇಲೆ ಗಡ್ಡೆಯಾಗಿ ನಿಲ್ಲುತ್ತದೆ.

ಫೈಕಸ್ ಆದ್ದರಿಂದ ಹಾಲು ಸುರಿಯುತ್ತದೆ. ಒದ್ದೆ ಬಟ್ಟೆಯಿಂದ ಒತ್ತಿ ಒರೆಸುತ್ತಾ ಅದು ನಿಲ್ಲುವವರೆಗೆ ಕಾಯಿರಿ, ಹಾಲಿನ ಮೇಲೆ ಪೇಸ್ಟ್ ಹಿಡಿಯುವುದಿಲ್ಲ. ಈ ವರ್ಷ ಕುಂಡ ಬದಲಿಸುವ ಮಾತೇ ಬೇಡ.

ಹಿತ್ತಲ ಅಜ್ಜಿ, ಸಾಗರ — ಮಾರ್ಚ್ 7

ನಮ್ಮ ಹಿರಿಯರು ಸಗಣಿ ಮತ್ತು ಕೆಮ್ಮಣ್ಣು ಕಲಸಿ ಮೆತ್ತುತ್ತಿದ್ದರು, ಗಾಯದ ಮೇಲೆ ಅರಿಸಿನ ಉದುರಿಸುತ್ತಿದ್ದರು. ನಮ್ಮ ಹಿತ್ತಲಿನ ಮಾವಿನ ಮರಗಳು ಅದರಿಂದಲೇ ಉಳಿದವು ಎಂದು ನಾನು ನಂಬಿದ್ದೇನೆ. ಈಗಿನವರಿಗೆ ಇದು ಹಾಸ್ಯವಾಗಿ ಕಾಣಬಹುದು.

ಕುಂಡದೊಳಗಿನ ಕಾಡು, ಬೆಂಗಳೂರು — ಮಾರ್ಚ್ 7

ಹಾಸ್ಯವೇನೂ ಅಲ್ಲ ಅಮ್ಮ. ಕೆಮ್ಮಣ್ಣಿನ ಮೆತ್ತನೆಯ ಲೇಪ ಅಂಚನ್ನು ಹಸಿಯಾಗಿ ಇಡುತ್ತದೆ, ಮೇಲೆ ಹೇಳಿದ ಪೇಸ್ಟ್ ಮಾಡುವುದೂ ಅದನ್ನೇ. ಚಿಕ್ಕ ಕುಂಡದಲ್ಲಿ ಹಸಿ ಸಗಣಿಯಿಂದ ಹುಳು ಮತ್ತು ಬೂಷ್ಟು ಬರುತ್ತವೆಂಬ ಒಂದೇ ಕಾರಣಕ್ಕೆ ನಾನು ಬರಿಯ ಜೇಡಿಮಣ್ಣನ್ನು ಬಳಸುತ್ತೇನೆ.

ಕಾಗದದ ಹೂ, ಹುಬ್ಬಳ್ಳಿ — ಮಾರ್ಚ್ 9

ಇದನ್ನು ಓದಿದವರು ಎಲ್ಲ ಗಿಡಗಳಿಗೂ ಇದೇ ಕ್ರಮವನ್ನು ಅನುಸರಿಸಬಾರದೆಂದು ಒಂದು ಎಚ್ಚರಿಕೆ. ಬೋಗನ್‌ವಿಲ್ಲಾದ ಕಟ್ಟಿಗೆ ಮೆತ್ತಗಿದ್ದು ಬಹುಬೇಗ ಕೊಳೆಯುತ್ತದೆ, ದೊಡ್ಡ ಗಾಯದ ಮೇಲೆ ತುಟಿ ಪೂರ್ತಿ ಮುಚ್ಚಿದ್ದನ್ನು ನಾನು ಕಂಡಿಲ್ಲ. ಅದರಲ್ಲಿ ಕೊಂಬೆಯನ್ನು ಬುಡಕ್ಕೆ ಕೊಯ್ಯದೆ ಎರಡು ಬೆರಳಷ್ಟು ಮೊಂಡನ್ನು ಬಿಟ್ಟು, ಅದು ಎಲ್ಲಿಯವರೆಗೆ ಒಣಗುತ್ತದೆಂದು ನೋಡಿಕೊಂಡು ಮುಂದಿನ ಬೇಸಿಗೆಯಲ್ಲಿ ಕೆತ್ತುವುದು ಕ್ಷೇಮ. ಜೇಡ್ ಗಿಡದ ರೀತಿ ಇದಕ್ಕೆ ಪೂರಾ ವಿರುದ್ಧ. ಅದರ ಕಾಂಡ ನೀರು ತುಂಬಿದ ತಿರುಳು, ಪೇಸ್ಟ್ ಹಚ್ಚಿದರೆ ಒಳಗೇ ಕೊಳೆಯುತ್ತದೆ. ಕತ್ತರಿಸಿ, ಕೆಲವು ದಿನ ನೀರು ಹಾಕದೆ ನೆರಳಿನಲ್ಲಿ ಒಣಗಲು ಬಿಟ್ಟರೆ ಮೊಂಡು ಗಿಣ್ಣಿನವರೆಗೆ ಸುಕ್ಕಾಗಿ ತಾನೇ ಉದುರುತ್ತದೆ.

ಮಂಜಿನೂರಿನ ಕನ್ನಡಿಗ, ಟೊರೊಂಟೊ — ಮಾರ್ಚ್ 10

ಚಳಿದೇಶದಿಂದ ಎರಡು ಮಾತು. ನನ್ನಲ್ಲಿರುವ ಜಪಾನಿ ಮೇಪಲ್‌ನ ತೊಗಟೆ ನಯವಾಗಿರುವುದರಿಂದ ಗಾಯ ಮುಚ್ಚಿದ ಮೇಲೂ ಕಲೆ ಹಲವು ವರ್ಷ ಕಾಣುತ್ತದೆ, ಆದ್ದರಿಂದ ಅದರಲ್ಲಿ ದೊಡ್ಡ ಕೊಂಬೆ ತೆಗೆಯುವ ಮೊದಲು ನಾನು ಒಂದು ವರ್ಷ ಯೋಚಿಸುತ್ತೇನೆ. ಜುನಿಪರ್‌ನಲ್ಲಿ ಗಾಯ ಮುಚ್ಚುವ ಗೋಜಿಗೇ ಹೋಗುವುದಿಲ್ಲ. ಸತ್ತ ಮೊಂಡಿನ ತೊಗಟೆ ಸುಲಿದು ಚೂಪಾಗಿ ಉಳಿಸಿಕೊಂಡರೆ ಅದನ್ನು ಜಪಾನಿನವರು ಜಿನ್ ಎನ್ನುತ್ತಾರೆ, ಕಾಂಡದ ಮೇಲೆ ಪಟ್ಟೆಯಾಗಿ ಸುಲಿದರೆ ಶಾರಿ. ಅವಕ್ಕೆ ಸುಣ್ಣ-ಗಂಧಕದ ದ್ರಾವಣವನ್ನು ಬಳಿದಾಗ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ, ಒಣಗಿದ ಮೇಲೆ ಮೂಳೆಯಂತೆ ಬೆಳ್ಳಗಾಗುತ್ತದೆ. ಬಳಿಯುವಾಗ ಕುಂಡದ ಮಣ್ಣನ್ನು ಪ್ಲಾಸ್ಟಿಕ್‌ನಿಂದ ಮುಚ್ಚಬೇಕು. ಮುಚ್ಚಲಾಗದ ಗಾಯವನ್ನು ಟೊಳ್ಳಾಗಿ ಕೆತ್ತಿ ಹಳೆಯ ಮರದ ಲಕ್ಷಣವಾಗಿ ಉಳಿಸಿಕೊಳ್ಳುವ ಕ್ರಮವೂ ಇದೆ, ಅದಕ್ಕೆ ಉರೊ ಎಂದು ಹೆಸರು.

ಮಹಡಿಯ ಮರ, ಮೈಸೂರು — ಮಾರ್ಚ್ 11

ಹಾಗಾದರೆ ನನ್ನ ಗಿಡದ ಗಾಯವನ್ನೂ ಟೊಳ್ಳಾಗಿಯೇ ಬಿಟ್ಟರೆ ಹೇಗೆ? ಇಷ್ಟೆಲ್ಲ ಕೆತ್ತಿ ಕೊನೆಗೆ ಮುಚ್ಚದಿದ್ದರೆ ಎಂಬ ಅಳುಕು ಇದ್ದೇ ಇದೆ.

ಸಸ್ಯಶಾಸ್ತ್ರದ ಮೇಷ್ಟ್ರು, ಧಾರವಾಡ — ಮಾರ್ಚ್ 11

ಉರೊ ಎಂದರೆ ನಮ್ಮ ಪೊಟರೆಯೇ. ದೇವನಹಳ್ಳಿಯ ಬಳಿಯ ನಲ್ಲೂರು ಹುಣಸೆ ತೋಪಿಗೆ ಒಮ್ಮೆ ಹೋಗಿ ಬನ್ನಿ. 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದ ಆ 54 ಎಕರೆಯಲ್ಲಿ ಒಳಗೆಲ್ಲ ಪೊಟರೆಯಾಗಿದ್ದರೂ ಹೊರಗಿನ ಕಟ್ಟಿಗೆಯ ಬಲದಿಂದ ಚಿಗುರುತ್ತಿರುವ ಮುದಿ ಹುಣಸೆಗಳಿವೆ. ನಾಲ್ಕನೆಯ ಗೋಡೆ ಎಂದು ನಾನು ಬರೆದದ್ದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಆದರೆ ಹುಣಸೆಯ ಕಟ್ಟಿಗೆ ಗಟ್ಟಿ. ಫೈಕಸ್‌ನದು ಮೆತ್ತಗೆ, ತೆರೆದಿಟ್ಟರೆ ನಮ್ಮ ಮಳೆಗೆ ಹೆಚ್ಚು ವರ್ಷ ಬಾಳುವುದಿಲ್ಲ.

ಕುಂಡದೊಳಗಿನ ಕಾಡು, ಬೆಂಗಳೂರು — ಮಾರ್ಚ್ 12

ಮೇಷ್ಟ್ರ ಮಾತಿಗೆ ನನ್ನ ಒಪ್ಪಿಗೆ ಇದೆ. ಅದೂ ಅಲ್ಲದೆ ಈ ಗಾಯ ಮುಂಭಾಗದಲ್ಲಿ, ಬುಡಕ್ಕೆ ಹತ್ತಿರದಲ್ಲಿದೆ. ಹುಣಸೆಗೆ ಪೊಟರೆ ಶೋಭಿಸುವಂತೆ ಆಲದ ಜಾತಿಯ ಗಿಡಕ್ಕೆ ಶೋಭಿಸುವುದಿಲ್ಲವೆಂಬುದು ನನ್ನ ರುಚಿ, ಬೇರೆಯವರು ಒಪ್ಪದಿರಬಹುದು. ಫೈಕಸ್ ಮುಚ್ಚಿಕೊಳ್ಳಬಲ್ಲ ಗಿಡ, ಅದಕ್ಕೆ ಅವಕಾಶ ಕೊಡಿ. ನೀರು ನಿಲ್ಲದಂತೆ ಬೋಗುಣಿಯ ಕೆಳ ಅಂಚು ಮಾತ್ರ ಹೊರಕ್ಕೆ ಇಳಿಜಾರಾಗಿರಲಿ.

ಮಹಡಿಯ ಮರ, ಮೈಸೂರು — ಏಪ್ರಿಲ್ 19

ನಿನ್ನೆ ಬೆಳಿಗ್ಗೆ ಕೆಲಸ ಮುಗಿಸಿದೆ. ಮೇಲಿನ ಕೊಂಬೆ ಆರು ವಾರಗಳಲ್ಲಿ ಒಂದೂವರೆ ಗೇಣು ಉದ್ದವಾಗಿ ಎಲೆ ತುಂಬಿಕೊಂಡಿತ್ತು. ಬಣ್ಣದ ಪದರವು ಉಗುರಿಗೇ ಹೊಪ್ಪಳೆಯಾಗಿ ಎದ್ದು ಬಂತು. ಅದರಡಿಯಲ್ಲಿ ಕಟ್ಟಿಗೆಯಿರಲಿಲ್ಲ, ನೆನೆದ ಬಿಸ್ಕತ್ತಿನಂತಹ ಕಪ್ಪು ಪುಡಿ ಇತ್ತು, ಅದರ ನಡುವೆ ಇರುವೆಗಳು ಮೊಟ್ಟೆ ಇಟ್ಟಿದ್ದವು. ಚಮಚದಿಂದ ತೋಡಿದೆ. ಹೆಬ್ಬೆರಳಿನ ಮೊದಲ ಗಿಣ್ಣಿನಷ್ಟು ಆಳ ಹೋದ ಮೇಲೆ ಉಳಿ ಒಮ್ಮೆಲೇ ಟಕ್ ಎಂದಿತು. ಅಲ್ಲಿ ಕಟ್ಟಿಗೆ ಕಾಫಿ ಬಣ್ಣಕ್ಕಿತ್ತು, ಬೆಳ್ಳಗಾಗುವವರೆಗೆ ಕೆತ್ತಬೇಕೆಂದು ಕೈ ತುರಿಸಿದರೂ ತಮ್ಮ ಮಾತು ನೆನಪಾಗಿ ನಿಲ್ಲಿಸಿದೆ.

ಸತ್ತ ತೊಗಟೆಯನ್ನು ಬಿಡಿಸುತ್ತಾ ಹೋದಾಗ ಗಾಯ ನಾನು ಅಂದುಕೊಂಡದ್ದಕ್ಕಿಂತ ಉದ್ದವಾಯಿತು: ಮೇಲಿನಿಂದ ಕೆಳಗೆ 74 ಮಿ.ಮೀ., ಅಡ್ಡಲಾಗಿ 38 ಮಿ.ಮೀ. ಬ್ಲೇಡ್ ತಾಗಿಸಿದ ಕಡೆಯೆಲ್ಲ ಮೊದಲು ಒಂದು ಕ್ಷಣ ಹಸಿರು ಗೆರೆ ಕಂಡಿತು, ತಕ್ಷಣ ಹಾಲು ಮಣಿಮಣಿಯಾಗಿ ಎದ್ದು ಅದನ್ನು ಮುಚ್ಚಿತು. ಒದ್ದೆ ಬಟ್ಟೆ ಹಿಡಿದು ಇಪ್ಪತ್ತು ನಿಮಿಷ ಕುಳಿತಿದ್ದೆ. ಎಡಗಡೆಯ ಕೆಳಮೂಲೆಯಲ್ಲಿ ಮಾತ್ರ ಹಾಲೂ ಬರಲಿಲ್ಲ, ಹಸಿರೂ ಕಾಣಲಿಲ್ಲ, ಅಲ್ಲಿ ಇನ್ನೂ ನಾಲ್ಕು ಮಿಲಿಮೀಟರು ಕೊಯ್ಯಬೇಕಾಯಿತು. ನಡುವಿನ ಕಟ್ಟಿಗೆಗೆ ಶಿರಸಿಯವರ ಮುಲಾಮನ್ನು ಚಿತ್ರ ಬರೆಯುವ ಸಣ್ಣ ಕುಂಚದಿಂದ ಬಳಿದು, ಅದು ಆರಿದ ಮೇಲೆ ಅಂಚಿಗೆ ಸುತ್ತಲೂ ಕಟ್ ಪೇಸ್ಟನ್ನು ಬತ್ತಿಯಂತೆ ಹೊಸೆದು ಒತ್ತಿದ್ದೇನೆ. ಕುಂಡವನ್ನು ಬೆಳಗಿನ ಬಿಸಿಲು ಮಾತ್ರ ಬೀಳುವ ಪೂರ್ವದ ಗೋಡೆಯ ಬಳಿಗೆ ಸರಿಸಿದ್ದೇನೆ.

ಕುಂಡದೊಳಗಿನ ಕಾಡು, ಬೆಂಗಳೂರು — ಏಪ್ರಿಲ್ 19

ಆ ನಾಲ್ಕು ಮಿಲಿಮೀಟರನ್ನು ಬಿಡದೆ ಕೊಯ್ದದ್ದು ಸರಿಯಾಯಿತು, ಸತ್ತ ಅಂಚಿನಿಂದ ತುಟಿ ಹುಟ್ಟುವುದಿಲ್ಲ. ಮಳೆ ಹಿಡಿದ ಮೇಲೆ ತಿಂಗಳಿಗೊಮ್ಮೆ ಪೇಸ್ಟನ್ನು ಒಂದು ಮೂಲೆಯಲ್ಲಿ ಎತ್ತಿ ನೋಡಿ. ತುಟಿ ಉರುಳುವುದು ನಿಂತರೆ ಮುಂದಿನ ಬೇಸಿಗೆಯಲ್ಲಿ ಅಂಚನ್ನು ಮತ್ತೆ ಕೂದಲೆಳೆಯಷ್ಟು ಕೊಯ್ದು ಎಬ್ಬಿಸಬೇಕಾಗುತ್ತದೆ. ಕೂಲಿಯ ಕೊಂಬೆಯನ್ನು ಮುಟ್ಟಬೇಡಿ.

ಮಹಡಿಯ ಮರ, ಮೈಸೂರು — ಅಕ್ಟೋಬರ್ 26

ಆರು ತಿಂಗಳಾದ ಮೇಲಿನ ಸಂಗತಿಯನ್ನು ತಿಳಿಸುತ್ತಿದ್ದೇನೆ. ಅಡ್ಡಲಾಗಿ 38 ಮಿ.ಮೀ. ಇದ್ದ ಗಾಯ ಈಗ 23 ಮಿ.ಮೀ. ಇದೆ. ಎರಡೂ ಪಕ್ಕದ ತುಟಿಗಳು ಪೆನ್ಸಿಲಿನಷ್ಟು ದಪ್ಪವಾಗಿ, ಎಳೆಯ ಹಸಿರು ಬಣ್ಣದಲ್ಲಿ ಒಳಕ್ಕೆ ಉರುಳಿವೆ. ಮೇಲಿನ ಚೂಪು ತುದಿ ಸೇರಿಕೊಂಡಿದೆ, ಹೊಲಿಗೆ ಹಾಕಿದಂತಹ ಒಂದು ಗೆರೆ ಮಾತ್ರ ಕಾಣುತ್ತದೆ. ಕೆಳಗಿನ ತುದಿ, ಅದೇ ನಾಲ್ಕು ಮಿಲಿಮೀಟರು ಹೆಚ್ಚು ಕೊಯ್ದ ಎಡಮೂಲೆ, ಇನ್ನೂ ಹಿಂದೆ ಬಿದ್ದಿದೆ. ಆಗಸ್ಟ್‌ನ ಜಡಿಮಳೆಯಲ್ಲಿ ಅಲ್ಲಿ ಸ್ವಲ್ಪ ಬೂಷ್ಟು ಕಾಣಿಸಿಕೊಂಡಿತ್ತು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ಮತ್ತೊಮ್ಮೆ ಮುಲಾಮು ಹಚ್ಚಿದೆ. ಬೆಂಕಿಕಡ್ಡಿ ಈಗ ಎಲ್ಲಿ ಒತ್ತಿದರೂ ಒಳಗೆ ಹೋಗುವುದಿಲ್ಲ.

ಕೂಲಿಯ ಕೊಂಬೆ ಎರಡು ಅಡಿ ದಾಟಿ ಪಕ್ಕದ ಮನೆಯವರ ಬಟ್ಟೆ ಒಣಗಿಸುವ ತಂತಿಯನ್ನು ಮುಟ್ಟಿದೆ. ಇದೇನು ಬೋನ್ಸಾಯೋ ಬೇಲಿಯೋ ಎಂದು ಅವರು ಕೇಳಿದರು. ಕುಂಡವನ್ನು ಒಂದು ಅಡಿ ಈಚೆಗೆ ಎಳೆದುಕೊಂಡಿದ್ದೇನೆ.